ತುಪ್ಪದ ದೀಪದ ಕಾವಲುಗಾರ

ಬಹಳ ಹಿಂದೆ, ಕೆಂಪು ನದಿಯೊಂದು ಹಗಲೂ ರಾತ್ರಿ ಸುತ್ತಿ ಬರುವ ಒಂದು ರಾಜ್ಯವಿತ್ತು. ಅರಮನೆಯ ನಗಾರಿಯ ತಾಳಕ್ಕೆ ಆ ನದಿ ಹರಿಯುತ್ತಿತ್ತು. ನಗಾರಿ ನಿಂತ ದಿನವೇ ಇರಲಿಲ್ಲ. ಆ ರಾಜ್ಯವನ್ನು ಸುಖರಾಯನೆಂಬ ಅರಸು ಆಳುತ್ತಿದ್ದ. ಆಳುತ್ತಿದ್ದ ಎನ್ನುವುದು ಮರ್ಯಾದೆಯ ಮಾತು. ಉಣ್ಣುವುದು, ಮಲಗುವುದು, ಎದ್ದು ಉಪ್ಪರಿಗೆಯಿಂದ ಹೊರಗೆ ನೋಡುವುದು, ಇಷ್ಟು ಬಿಟ್ಟರೆ ತನ್ನ ರಾಜ್ಯದೊಳಗೆ ಏನು ನಡೆಯುತ್ತಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ರಾಜ್ಯ ನಡೆಯುತ್ತಿದ್ದುದು ಕಟ್ಟಳೆಯಿಂದ.

ಕಟ್ಟಳೆಗಳಲ್ಲಿ ಮೊದಲನೆಯದು ಕಿಟಕಿಯ ತಟ್ಟೆ. ಮನೆಯೊಳಗೆ ಏನು ಬೆಂದಿತೋ ಅದರ ಒಂದು ಚೂರನ್ನು ಕಿಟಕಿಯ ಹೊರಗಿನ ಹಿತ್ತಾಳೆ ತಟ್ಟೆಯಲ್ಲಿ ಇಡಬೇಕು. ಬಡವನಿರಲಿ, ಬಲ್ಲಿದನಿರಲಿ, ತಟ್ಟೆ ಬರಿದಾಗಿರಕೂಡದು. ಕಾವಲಿನವರು ಬೀದಿಯಲ್ಲಿ ನಡೆಯುತ್ತಾ ಪ್ರತಿ ತಟ್ಟೆಯ ಮೇಲೂ ಅಂಗೈ ಇಟ್ಟು ನೋಡುತ್ತಿದ್ದರು.

ಯಾಕೆಂದರೆ ತದ್ರೂಪನೆಂಬ ಒಬ್ಬ ಮಾಂತ್ರಿಕನಿದ್ದ. ಅವನು ರಾಜ್ಯಕ್ಕೆ ಗಾಳಿ ಬರುವ ಗಾಳಿಬಾಗಿಲಿನಿಂದ ನುಸುಳಿ ಬಂದು, ನೆಂಟನ ವೇಷದಲ್ಲಿ ಯಾವುದೋ ಮನೆಯ ಕದ ತಟ್ಟುತ್ತಿದ್ದ. ಒಳಗೆ ಕರೆದರೆ ಮುಗಿಯಿತು. ಮನೆಯಾತನನ್ನು ಒಲೆಯ ಕಾಲಿಗೆ ಕಟ್ಟಿ, ದೊಡ್ಡ ಹಂಡೆಯಿಟ್ಟು, ಒಂದೇ ಅಡುಗೆ ಮಾಡಿಸುತ್ತಿದ್ದ. ಆ ಹಂಡೆಯಲ್ಲಿ ಬೇಯುತ್ತಿದ್ದುದು ಇನ್ನಷ್ಟು ತದ್ರೂಪರು. ಹಂಡೆ ಉಕ್ಕಿದಾಗ ಗೋಡೆ ಬಿರಿದು, ನೂರಾರು ತದ್ರೂಪರು ಬೀದಿಗೆ ಸುರಿದು, ಅಕ್ಕಪಕ್ಕದ ಮನೆಗಳ ಕದ ತಟ್ಟುತ್ತಿದ್ದರು. ಆದರೆ ಕಟ್ಟಳೆ ಎಷ್ಟು ಹಳೆಯದೆಂದರೆ, ಕಟ್ಟಿಹಾಕಿದ ಮನೆಯಾತನ ಕೈ ಕೂಡ ತಾನೇ ತಾನಾಗಿ ಚಾಚಿ, ಬೆಂದದ್ದರ ಒಂದು ಚೂರನ್ನು ತಟ್ಟೆಗೆ ಇಟ್ಟುಬಿಡುತ್ತಿತ್ತು. ಅದನ್ನು ತಡೆಯುವ ಮಂತ್ರ ತದ್ರೂಪನ ಬಳಿ ಇರಲಿಲ್ಲ.

ಆ ಚೂರನ್ನು ಗುರುತಿಸುವವರು ಬೇಕಲ್ಲ. ಕಾವಲಿಗೆ ಹುಟ್ಟಿದ ಪ್ರತಿಯೊಬ್ಬನ ಅಂಗೈ ಗೆರೆಯೂ ಬೇರೆ. ಒಬ್ಬನ ಅಂಗೈಗೆ ಲೋಕದಲ್ಲಿ ಒಂದೇ ಒಂದು ಚೂರು ಗೊತ್ತು. ಅದು ಯಾವುದು, ಅದು ಎಂದಾದರೂ ಬರುತ್ತದೆಯೇ, ಅವನಿಗೂ ತಿಳಿಯದು.

ಅಂಥವರಲ್ಲಿ ಒಬ್ಬ ಓಬಳ. ಬಿಳಿಗುಡ್ಡದ ಗವಿಯಲ್ಲಿ ಹುಟ್ಟಿ, ಕೆಂಪು ನದಿಯಲ್ಲಿ ತೇಲಿ ಬಂದು, ತಿಮ್ಮವ್ವನ ತೋಟದ ದಡಕ್ಕೆ ಹತ್ತಿದ. ತಿಮ್ಮವ್ವ ಕಾವಲಿನವರನ್ನು ಪಳಗಿಸುವ ಮುದುಕಿ. ಅವಳು ನಗುವುದನ್ನು ಯಾರೂ ನೋಡಿರಲಿಲ್ಲ. ಅವಳ ತೋಟದ ಬೇಲಿ ವರ್ಷ ವರ್ಷವೂ ಒಂದು ಹೆಜ್ಜೆ ಒಳಕ್ಕೆ ನಡೆದು ಬರುತ್ತಿತ್ತು. ಅದನ್ನು ಯಾರೂ ತಳ್ಳುತ್ತಿರಲಿಲ್ಲ. ಬೇಲಿ ತಾನೇ ನಡೆಯುತ್ತಿತ್ತು.

"ಕತ್ತಿ ಯಾವಾಗ ಕೊಡ್ತೀಯವ್ವ?" ಎಂದು ಓಬಳ ಮೊದಲ ದಿನವೇ ಕೇಳಿದ.

"ಮೊದಲು ಕೈ ತೊಳಕೊಂಡು ಬಾ," ಎಂದಳು ತಿಮ್ಮವ್ವ.

ಮೊದಲ ಪರೀಕ್ಷೆ ಹೀಗಿತ್ತು. ಅವಳು ಬರಿಯ ಹಿತ್ತಾಳೆ ತಟ್ಟೆಯೊಂದನ್ನು ಮುಂದಿಟ್ಟು, ಅಂಗೈ ಇಡು ಎಂದಳು. ನಾಡಿನ ತಟ್ಟೆಯ ಸ್ಪರ್ಶವೇ ಕೆಲವರ ಅಂಗೈಗೆ ತಿಳಿಯುತ್ತಿರಲಿಲ್ಲ. ಅಂಥವರು ಆಕಳಿಸಿ, ಬಾಳೆಯ ಬುಡದಲ್ಲಿ ಮಲಗಿ, ಮಣ್ಣಾಗಿ, ತೋಟಕ್ಕೇ ಗೊಬ್ಬರವಾಗುತ್ತಿದ್ದರು. ಓಬಳನ ಅಂಗೈಗೆ ತಟ್ಟೆಯ ತಂಪು ತಿಳಿಯಿತು. ಮೊದಲ ಪರೀಕ್ಷೆ ಗೆದ್ದ. "ಈಗ ಕತ್ತಿಯಾ ಅವ್ವ?" ಎಂದ. ಇಲ್ಲ ಎಂದಳು.

ಎರಡನೆಯ ಪರೀಕ್ಷೆಯಲ್ಲಿ ತಟ್ಟೆಯ ಮೇಲೆ ನಮ್ಮವರದೇ ಚೂರುಗಳನ್ನಿಟ್ಟಳು. ಕುಂಬಾರನ ಮನೆಯ ರೊಟ್ಟಿ, ಗಾಣಿಗನ ಮನೆಯ ಹಿಂಡಿ, ನೇಕಾರನ ಮನೆಯ ಗಂಜಿ. ಓಬಳನ ಪಕ್ಕದಲ್ಲಿ ಕೆಂಚನೆಂಬುವನು ನಿಂತಿದ್ದ. ಇಡೀ ತೋಟದಲ್ಲಿ ಅವನಷ್ಟು ಕಸುವಿನವನಿರಲಿಲ್ಲ, ಓಬಳನಿಗೆ ಅವನಷ್ಟು ಗೆಳೆಯನೂ ಇರಲಿಲ್ಲ. ನೇಕಾರನ ಗಂಜಿಯ ಮೇಲೆ ಅಂಗೈ ಇಟ್ಟ ಕೆಂಚ ಬೆಂಕಿ ಮುಟ್ಟಿದವನಂತೆ ಕುದಿದು, ನೇಕಾರನ ಮನೆಯ ಕದವನ್ನೇ ಒಡೆಯುವವನಂತೆ ಮುಷ್ಟಿ ಎತ್ತಿದ. ತಿಮ್ಮವ್ವ ಆ ಮುಷ್ಟಿಯನ್ನು ಹಿಡಿದು ಕೆಳಗಿಳಿಸಿದಳು.

ಓಬಳ ಅಂಗಲಾಚಿದ. ಒಂದೇ ಸಲ ತಪ್ಪಿದ್ದಾನೆ, ಇಷ್ಟು ಗಟ್ಟಿಯ ಕೈ ಮತ್ತೆಲ್ಲಿ ಸಿಗುತ್ತದೆ ಎಂದ.

"ಗಟ್ಟಿಯಾಗಿರೋದೇ ಕಷ್ಟ ಕಣೋ," ಎಂದಳು ತಿಮ್ಮವ್ವ. "ನಮ್ಮವರ ಮೇಲೆ ಏಳೋ ಕೈ ಮೆತ್ತಗಿದ್ದಿದ್ರೆ ಬೈದು ಬಿಡ್ತಿದ್ದೆ."

ಕೆಂಚ ತಾನೇ ನಡೆದು ಹೋಗಿ ಬಾಳೆಯ ಬುಡದಲ್ಲಿ ಮಲಗಿ ಮಣ್ಣಾದ. ಓಬಳನ ಅಂಗೈ ನಮ್ಮವರ ಯಾವ ಚೂರಿಗೂ ಬಿಸಿಯಾಗಲಿಲ್ಲ. ಎರಡನೆಯ ಪರೀಕ್ಷೆ ಗೆದ್ದ. ಈ ಸಲ ಅವನು ಕತ್ತಿ ಕೇಳಲಿಲ್ಲ. ತಿಮ್ಮವ್ವ ಬೇಲಿಯ ಗೇಟು ತೆರೆದು, "ಮೂರನೆಯದು ನನ್ನ ಕೈಲಿಲ್ಲ, ಅದನ್ನ ಬಳ್ಳಿಯಕ್ಕ ನೋಡ್ತಾಳೆ. ಚಾವಡಿಯಿಂದ ಚಾವಡಿಗೆ ನಡೀತಾ ಇರು," ಎಂದು ಕಳಿಸಿದಳು.

ಓಬಳ ನಡೆದ. ನದಿಯ ದಡದುದ್ದಕ್ಕೂ ಚಾವಡಿಗಳಿದ್ದವು. ಅಲ್ಲಿ ಅವನಂಥ ಸಾವಿರಾರು ಮಂದಿ ಬರುತ್ತಾ ಹೋಗುತ್ತಾ, ಒಬ್ಬರ ಕಾಲು ಒಬ್ಬರು ತುಳಿಯುತ್ತಾ, ಎಲೆ ಅಡಿಕೆ ಜಗಿಯುತ್ತಾ ಕಾಯುತ್ತಿದ್ದರು. ಗಾಳಿಬಾಗಿಲ ಚಾವಡಿಯ ಮೆಟ್ಟಿಲ ಮೇಲೆ ಮೂವರು ಕೈ ಜೋತುಬಿಟ್ಟು ಕೂತಿದ್ದರು. ಅವರ ತೋಳಿಗೆ ಜೀವವಿರಲಿಲ್ಲ. ಏನಾಯಿತೆಂದು ಓಬಳ ಕೇಳಿದ. ಅವಸರ ಮಾಡಿದೆವು ಎಂದು ಮೂವರೂ ಒಂದೇ ದನಿಯಲ್ಲಿ ಹೇಳಿ ಬೇರೆ ಕಡೆ ನೋಡಿದರು.

ಒಂದು ಬೆಳಗ್ಗೆ ಬಳ್ಳಿಯಕ್ಕ ಓಡೋಡಿ ಬಂದಳು. ಅವಳ ಮೈಯಿಂದ ಬಳ್ಳಿಯ ಕುಡಿಗಳಂತೆ ನೂರು ಕೈಗಳು ಚಾಚಿದ್ದವು. ಒಂದೊಂದು ಕೈಯಲ್ಲೂ ತಟ್ಟೆಗಳಿಂದ ತಂದ ಒಂದೊಂದು ಚೂರು. ಗಾಳಿಬಾಗಿಲ ಬೀದಿಯಲ್ಲಿ ಗೋಡೆಗಳು ಬಿರಿದಿವೆ, ಇದು ಯಾವನ ಅಂಗೈ ಬಲ್ಲ ಚೂರೋ ನೋಡಿ, ಎಂದು ಏದುಸಿರು ಬಿಡುತ್ತಾ ನಿಂತಳು. ಕಾವಲಿನವರು ಸಾಲಾಗಿ ಬಂದು ಅಂಗೈ ಇಟ್ಟು, ತಲೆಯಾಡಿಸಿ ಮುಂದೆ ಹೋದರು. ಓಬಳ ಗೋಡೆಗೆ ಬೆನ್ನು ತಾಗಿಸಿಕೊಂಡು ನಿಂತು ಅಂಗೈ ಚಾಚಿದ. ಚೂರು ಅವನ ಗೆರೆಗಳಲ್ಲಿ ಅಚ್ಚಿಳಿದಂತೆ ಕೂತುಕೊಂಡಿತು. ಅಂಗೈಯಿಂದ ಎದೆಯವರೆಗೂ ಬಿಸಿ ಹರಿಯಿತು.

ಅವನು ಬಾಗಿಲ ಕಡೆ ನೆಗೆಯಹೋದ. ಮೆಟ್ಟಿಲ ಮೇಲಿನ ಮೂವರು ಒಟ್ಟಿಗೆ ತಿರುಗಿ ನೋಡಿದರು. ಅವರ ಜೋತುಬಿದ್ದ ತೋಳುಗಳನ್ನು ಕಂಡು ಓಬಳನ ಕಾಲು ನಿಂತಿತು.

"ಜಾಣ," ಎಂದಳು ಬಳ್ಳಿಯಕ್ಕ. ಚೂರು ಸಿಕ್ಕ ಮಾತ್ರಕ್ಕೆ ಏಳಬಾರದು, ಕಂಡು ಬಂದವಳು ಹೆಗಲು ಮುಟ್ಟಿ ನಿಜ ಎನ್ನಬೇಕು, ಹಾಗೆನ್ನುವ ಮೊದಲೇ ಎದ್ದವನ ತೋಳು ಸತ್ತುಹೋಗುತ್ತದೆ ಎಂದು ಹೇಳಿ, ಅವನ ಹೆಗಲ ಮೇಲೆ ಕೈಯಿಟ್ಟಳು. "ನಾನು ಕಣ್ಣಾರೆ ನೋಡಿ ಬಂದಿದೀನಿ ತಮ್ಮ. ಗೋಡೆ ಬಿರಿದಿರೋದು ನಿಜ." ಆಮೇಲೆ ಸೊಂಟದ ಹಲಗೆ ಬಿಚ್ಚಿ ಬಾರಿಸಿದಳು.

ಹಲಗೆಯ ಸದ್ದಿಗೆ ಓಬಳ ಎರಡಾದ.

ಬಳ್ಳಿಯಕ್ಕನ ಕಡೆಗಿದ್ದ ಅರ್ಧ ಒಬ್ಬ ಆಳಾಯಿತು, ಗೋಡೆಯ ಕಡೆಗಿದ್ದ ಅರ್ಧ ಇನ್ನೊಬ್ಬ ಆಳಾಯಿತು. ಮುಂದಿನವನಿಗೆ ಹಲಗೆಯ ಸದ್ದು ಎದೆಗೇ ಬಡಿದಿತ್ತು. ಬಳ್ಳಿಯಕ್ಕ ಅವನ ಬಾಯಿಗೆ ಬೆಲ್ಲದ ಅಚ್ಚು ಇಟ್ಟಳು. ಅವನ ಎದೆಯಲ್ಲಿ ಬೆಳ್ಳನೆಯ ಉರಿಯೊಂದು ಭಗ್ಗೆಂದಿತು, ಕೈಯಲ್ಲಿ ಕತ್ತಿ ಮೂಡಿತು. ಅವನಿಗೆ ಭರಮ ಎಂದು ಹೆಸರಿಟ್ಟಳು. ಹಿಂದಿನವನಿಗೆ ಸದ್ದು ಮೆಲ್ಲಗೆ ಕೇಳಿತ್ತು. ಅವನಿಗೆ ಒಂದು ಚಮಚ ತುಪ್ಪ ಕುಡಿಸಿದಳು. ಎದೆಯಲ್ಲಿ ಸಣ್ಣ ದೀಪ ಹೊತ್ತಿತು. ಕೈಯಲ್ಲಿ ಏನೂ ಮೂಡಲಿಲ್ಲ. ಹಳೆಯ ಹೆಸರು ಅವನಿಗೇ ಉಳಿಯಿತು.

ಓಬಳ ತನ್ನ ಬರಿಗೈ ನೋಡಿಕೊಂಡ. ಭರಮನ ಕತ್ತಿ ನೋಡಿದ. ಮೂರು ಪರೀಕ್ಷೆಯನ್ನೂ ನಾನೇ ಗೆದ್ದದ್ದು, ನನಗೂ ಕತ್ತಿ ಕೊಡು ಎಂದು ಬಳ್ಳಿಯಕ್ಕನನ್ನು ಕೇಳಿದ.

"ಎಲ್ಲಾರೂ ಇವತ್ತೇ ಉರಿದುಬಿಟ್ರೆ ನಾಳೆಗೆ ಯಾರಪ್ಪ?" ಎಂದಳವಳು. ಮೂಲೆಯ ಈಚಲ ಚಾಪೆ ತೋರಿಸಿ, ಕೂತಿರು, ಈ ಚೂರನ್ನು ಮರೆಯಬೇಡ, ಅಷ್ಟೇ ನಿನ್ನ ಕೆಲಸ ಎಂದಳು.

ಭರಮ ನಕ್ಕ. ಅದು ಓಬಳನದೇ ನಗು. "ಕೂತಿರು ಮಾರಾಯ. ಚಾಪೆ ಬೆಚ್ಚಗಿಡು, ಬರ್ತೀನಿ."

ಹೊಸಿಲು ದಾಟುವಷ್ಟರಲ್ಲಿ ಭರಮ ಇಬ್ಬರಾದ, ಮೆಟ್ಟಿಲು ಇಳಿಯುವಷ್ಟರಲ್ಲಿ ನಾಲ್ವರಾದ, ಬೀದಿ ಮುಟ್ಟುವಷ್ಟರಲ್ಲಿ ಚಾವಡಿಯ ಅಂಗಳವೇ ಸಾಲದಾಯಿತು. ಎಲ್ಲರ ಮುಖವೂ ಒಂದೇ, ಎಲ್ಲರ ಅಂಗೈಯೂ ಒಂದೇ. ಓಬಳ ಚಾಪೆಯ ಮೇಲೆ ಕೂತು ಅವರ ಹೆಜ್ಜೆಯ ಸದ್ದು ದೂರವಾಗುವುದನ್ನು ಕೇಳಿದ. ನನ್ನ ಕಾಲುಗಳು ನಡೆದು ಹೋಗುತ್ತಿವೆ, ನಾನು ಇಲ್ಲೇ ಇದ್ದೇನೆ ಎನಿಸಿತು.

ಕಾಳಗ ದೊಡ್ಡದೇ ಆಯಿತು. ರಾಜ್ಯವೆಲ್ಲ ಕಾದ ಹಂಚಿನಂತಾಯಿತು, ಅರಮನೆಯಲ್ಲಿ ಸುಖರಾಯ ಕಂಬಳಿ ಹೊದ್ದು ನಡುಗುತ್ತಾ ಮಲಗಿದ, ಗಂಜಿಯೂ ಸೇರುವುದಿಲ್ಲ ಎಂದ. ಭರಮರು ಬೀದಿ ಬೀದಿಯಲ್ಲಿ ತಟ್ಟೆಗಳ ಮೇಲೆ ಅಂಗೈ ಇಟ್ಟರು. ಬಿಸಿಯಾಯಿತೆಂದರೆ ಕದದ ಬಳಿ ಬಗ್ಗಿ ಒಂದು ಮಾತು ಉಸುರುತ್ತಿದ್ದರು. ಆ ಮಾತಿಗೆ ಮನೆ ತಾನೇ ಮಡಚಿಕೊಂಡು, ಒಲೆ, ಹಂಡೆ, ಮನೆಯಾತ, ತದ್ರೂಪ ಎಲ್ಲವನ್ನೂ ಒಳಗಿಟ್ಟುಕೊಂಡು ನೆಲ ಸೇರುತ್ತಿತ್ತು. ಕಹಿಯಾದ ಕಟ್ಟಳೆ. ಆದರೆ ಬೀದಿ ಉಳಿಯಬೇಕಾದರೆ ಮನೆ ಬೀಳಬೇಕು ಎಂಬುದನ್ನು ಪ್ರತಿ ಮನೆಯಾತನೂ ಗೃಹಪ್ರವೇಶದ ದಿನವೇ ಒಪ್ಪಿಕೊಂಡಿರುತ್ತಿದ್ದ. ಬಿದ್ದ ಜಾಗದಲ್ಲಿ ನೆರೆಮನೆ ಬೆಳೆದು ಎರಡಾಗುತ್ತಿತ್ತು.

ಕೊನೆಗೆ ತಟ್ಟೆಗಳು ತಣ್ಣಗಾದವು. ತದ್ರೂಪರಲ್ಲಿ ಒಬ್ಬ ಮಾತ್ರ ಗಾಳಿಬಾಗಿಲಿನಿಂದ ಜಾರಿ ತಪ್ಪಿಸಿಕೊಂಡ.

ಭರಮ ಚಾವಡಿಗೆ ಹಿಂದಿರುಗಿದ. ಸಾವಿರಾರು ಭರಮರಲ್ಲಿ ಮೊದಲನೆಯವನು. ಅವನ ಎದೆಯ ಉರಿ ಮಿಣುಕುತ್ತಿತ್ತು. ಬೆಲ್ಲ ಬೇಗ ಉರಿಯುತ್ತದೆ, ಬೇಗ ತೀರುತ್ತದೆ. ಓಬಳ ತನ್ನ ದೀಪದಿಂದ ಒಂದು ಚಮಚ ತುಪ್ಪ ತೆಗೆದು ಅವನ ಬಾಯಿಯ ಬಳಿ ಹಿಡಿದ. ಇದನ್ನು ಕುಡಿ, ನನ್ನ ಪಾಲಿನಲ್ಲಿ ಇಬ್ಬರೂ ಬದುಕೋಣ ಎಂದ.

ಭರಮ ಚಮಚದ ಮೇಲೆ ಕೈ ಮುಚ್ಚಿದ.

"ಕೆಂಚ ನೆನಪಿದಾನಾ?"

"ಇದಾನೆ," ಎಂದ ಓಬಳ. ಇಬ್ಬರಿಗೂ ಇದ್ದದ್ದು ಒಂದೇ ಬಾಲ್ಯ.

"ಕತ್ತಿ ಹಿಡಿದೋರು ಇಷ್ಟೊಂದು ಜನ ಇದೀವಿ. ಕಾಳಗ ಮುಗಿದಿದೆ. ಕೆಲಸ ಇಲ್ದೆ ಬೀದೀಲಿ ನಿಂತ್ರೆ ನಾಳೆ ಯಾರ ಕದ ಒಡೀತೀವಿ, ಹೇಳು."

ನೇಕಾರನ ಗಂಜಿ ಓಬಳನ ಕಣ್ಣ ಮುಂದೆ ಬಂತು. ಚಮಚವನ್ನು ಕೆಳಗಿಟ್ಟ. ಭರಮ ಚಾಪೆಯ ಮೇಲೆ ಅವನ ಪಕ್ಕ ಕೂತು, ಅವನ ಅಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದ. "ಚಾಪೆ ಬೆಚ್ಚಗಿದೆ ಕಣೋ," ಎಂದ. ಅವನ ಉರಿ ಆರಿತು. ಅವನೂ, ಹೊರಗಿದ್ದ ಸಾವಿರಾರು ಭರಮರೂ ಸದ್ದಿಲ್ಲದೆ ಮಣ್ಣಾದರು. ಬೀದಿ ಗುಡಿಸುವ ತಾತ ಬಂದು, ಆ ಮಣ್ಣನ್ನು ಬುಟ್ಟಿಗೆ ತುಂಬಿ ಹೊಲಗಳಿಗೆ ಹಾಕಿದ.

ಉಳಿದವರು ತುಪ್ಪದ ದೀಪದವರು ಕೆಲವರೇ, ಹಲಗೆಯ ದಿನ ಓಬಳನಿಂದಲೇ ಕವಲೊಡೆದವರು. ಬಳ್ಳಿಯಕ್ಕ ಅವರಿಗೆ ಮೂರು ಕೆಲಸ ಹಂಚಿದಳು. ಹುಲಿಯ ಎಂಬುವನು ಗಾಳಿಬಾಗಿಲ ಹೊಸಿಲಲ್ಲೇ ಕೂತ, ತದ್ರೂಪ ನುಗ್ಗಿದ್ದ ಜಾಗ ಬಿಟ್ಟು ಅವನು ಇನ್ನು ಏಳುವ ಹಾಗಿಲ್ಲ. ಜಟ್ಟಿಗ ಎಂಬುವನು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹಾದಿ ಬೀದಿ ತಿರುಗುತ್ತಾ ಇರಬೇಕು. ಓಬಳ ಚಾವಡಿಯಲ್ಲಿ ಕೂರಬೇಕು, ಕತ್ತಿಯಿಲ್ಲದೆ, ಚಾಪೆಯ ಮೇಲೆ. ಮೂವರ ಅಂಗೈಯೂ ಒಂದೇ.

ವರ್ಷಗಳು ಹೋದವು. ಚಾವಡಿಯಲ್ಲಿ ದಿನವೂ ಬೆಳಗ್ಗೆ ಓಬಳನ ದೀಪಕ್ಕೆ ಒಂದು ಹನಿ ತುಪ್ಪ ಸಿಗುತ್ತಿತ್ತು. ಅದರಲ್ಲೇ ಅವನ ದೀಪ ಉರಿಯುತ್ತಿತ್ತು. ತೋಟದಿಂದ ಹೊಸದಾಗಿ ಬಂದ ಹುಡುಗರು ಅವನನ್ನು ನೋಡಿ ಕಿಸಕ್ಕೆನ್ನುತ್ತಿದ್ದರು. ಒಬ್ಬ, ಅಣ್ಣ ಕಾಯುತ್ತಿರುವುದು ತದ್ರೂಪನನ್ನೋ ತುಪ್ಪವನ್ನೋ ಎಂದು ಕೇಳಿದ. ಎರಡನ್ನೂ ಎಂದ ಓಬಳ. ಆದರೆ ಒಬ್ಬನೇ ಇದ್ದಾಗ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದ. ಗೆರೆಗಳು ಸವೆಯುತ್ತಿವೆಯೋ ಎಂಬ ಅಂಜಿಕೆ. ಚೂರನ್ನು ಮರೆತರೆ ಭರಮ ಸುಮ್ಮನೆ ಮಣ್ಣಾದಂತೆ.

ಒಮ್ಮೆ ತಿಮ್ಮವ್ವ ಕೋಲೂರಿಕೊಂಡು ಬಂದಳು. ಬೇಲಿ ನಡೆದೂ ನಡೆದೂ ಅವಳ ತೋಟ ಈಗ ಒಂದು ಒಕ್ಕುವ ಕಣದಷ್ಟಾಗಿತ್ತು. ಮೊದಲಿನಂತೆ ಹುಡುಗರನ್ನು ಪಳಗಿಸಲು ಜಾಗವಿಲ್ಲ, ಹೊಸಬರಲ್ಲಿ ತದ್ರೂಪನ ಚೂರು ಬಲ್ಲ ಅಂಗೈ ಒಂದೂ ಬಂದಿಲ್ಲ ಎಂದು ಹೇಳಿ, ಚಾಪೆಯ ಅಂಚಿನಲ್ಲಿ ಕೂತಳು.

"ಕತ್ತಿ ಕೇಳ್ತಿದ್ದೆಯಲ್ಲ, ಈಗ್ಲೂ ಬೇಕಾ?"

"ಬೇಡವ್ವ," ಎಂದ ಓಬಳ. "ಆ ಚೂರು ನೆನಪಿದ್ರೆ ಸಾಕು."

ತಿಮ್ಮವ್ವ ನಕ್ಕಳು. ಅವಳು ನಗುವುದನ್ನು ನೋಡಿದವನು ಓಬಳ ಒಬ್ಬನೇ.

ಆ ವರ್ಷದ ಚಳಿಗಾಲದಲ್ಲಿ ತದ್ರೂಪ ಮರಳಿ ಬಂದ. ಈ ಸಲ ಹಪ್ಪಳ ಮಾರುವ ಮುದುಕಿಯ ವೇಷ. ಹೊಸ ಸೀರೆ, ಹೊಸ ದನಿ, ಹೊಸ ವಾಸನೆ. ಗಾಳಿಬಾಗಿಲ ಕಾವಲು ನಾಯಿಗಳಿಗೆ ಗೊತ್ತಿದ್ದದ್ದು ಅವನ ಹಳೆಯ ಅಂಗಿಯ ವಾಸನೆ, ಅವು ಬೊಗಳಲಿಲ್ಲ. ಗಾಳಿಬಾಗಿಲಿಗೆ ಅಂಟಿಕೊಂಡಿದ್ದ ಸುಣ್ಣ ಸುಡುವವನ ಮನೆಯ ಕದ ತಟ್ಟಿದ. ಪಾಪ, ಚಳಿಯಲ್ಲಿ ಮುದುಕಿ ಎಂದು ಅವನು ಒಳಗೆ ಕರೆದ. ಒಲೆ ಹೊತ್ತಿತು, ಹಂಡೆ ಕೂತಿತು, ಕಟ್ಟಿಹಾಕಿದ ಕೈ ತಾನೇ ಚಾಚಿ ತಟ್ಟೆಯ ಮೇಲೆ ಒಂದು ಚೂರು ಇಟ್ಟಿತು. ಸೀರೆ ಹೊಸದು, ಚೂರು ಹಳೆಯದು. ವೇಷವನ್ನು ಬದಲಿಸಿದಂತೆ ತನ್ನ ಮೂಳೆಯ ತಿರುಳನ್ನು ಬದಲಿಸುವ ವಿದ್ಯೆ ಅವನಿಗಿರಲಿಲ್ಲ.

ಹೊಸಿಲಲ್ಲಿ ಕೂತಿದ್ದ ಹುಲಿಯ ಆ ತಟ್ಟೆಗೆ ಕೈಯಿಟ್ಟ. ಒಮ್ಮೆ ಹಲಗೆ ಕೇಳಿದವನಿಗೆ ಮತ್ತೆ ಕಾಯುವ ಕಟ್ಟಳೆಯಿಲ್ಲ, ಯಾರ ಹಲಗೆಗೂ ಕಾಯದೆ ಕೂಗಿದ. ಆ ಕೂಗಿಗೆ ಬೀದಿಯ ಕದಗಳೆಲ್ಲ ಅಗುಳಿ ಹಾಕಿಕೊಂಡವು. ಹಾದಿಯಲ್ಲಿದ್ದ ಜಟ್ಟಿಗ ಕತ್ತಿ ಹಿರಿದು ಓಡಿ ಬಂದ. ಇಬ್ಬರೂ ಸೇರಿ ಆ ಮನೆಯನ್ನು ಮಡಚಿದರು. ಆದರೆ ಅಷ್ಟರಲ್ಲೇ ದೊಡ್ಡ ತದ್ರೂಪ ಹಿತ್ತಲಿನಿಂದ ನುಸುಳಿದ್ದ, ಹಪ್ಪಳದ ಬುಟ್ಟಿಯಿಂದ ಜಾರಿದ ಮರಿ ತದ್ರೂಪರು ಇನ್ನಷ್ಟು ಮನೆ ಹೊಕ್ಕಿದ್ದರು. ಇಬ್ಬರ ಕೈಗೆ ಅದು ಮೀರಿದ ಕೆಲಸ.

ಬಳ್ಳಿಯಕ್ಕ ಚಾವಡಿಗೆ ಬರುವಾಗಲೇ ಓಬಳ ಎದ್ದು ನಿಂತಿದ್ದ. ಅವಳು ಚೂರು ಚಾಚಿದಳು. ನೋಡಲು ಅದು ಹಪ್ಪಳದ ತುಣುಕಿನಂತಿತ್ತು. ಹಿಂದಿನದಕ್ಕೂ ಇದಕ್ಕೂ ಹೋಲಿಕೆಯೇ ಕಾಣಲಿಲ್ಲ. ಹೊಸ ಹುಡುಗರು ನಗುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಓಬಳ ಕಣ್ಣು ಮುಚ್ಚಿ ಅಂಗೈ ಇಟ್ಟ.

ಅಂಗೈ ಮರೆತಿರಲಿಲ್ಲ.

ಬಳ್ಳಿಯಕ್ಕ ಹೆಗಲು ಮುಟ್ಟಿದ್ದೇ ತಡ, ಹಲಗೆಗೆ ಕೋಲು ತಾಗಿದ್ದೇ ತಡ, ಓಬಳ ಎರಡಾದ. ಮುಂದಿನ ಅರ್ಧಕ್ಕೆ ಬೆಳ್ಳನೆಯ ಉರಿ ಹೊತ್ತಿತು, ಕತ್ತಿ ಮೂಡಿತು. ಅವನು ತಿರುಗಿ ನೋಡಿದ.

"ಏನೋ, ಇಷ್ಟು ವರ್ಷಾನೂ ಕೂತೇ ಇದ್ಯಾ?" ಎಂದ ಭರಮ.

ಓಬಳ ಚಾಪೆಯ ಮೇಲೆ ಮತ್ತೆ ಕೂತುಕೊಂಡ. "ಚಾಪೆ ಬೆಚ್ಚಗಿದೆ," ಎಂದ. "ಬೇಗ ಹೋಗಿ ಬಾ."

ಭರಮ ಹೊಸಿಲು ದಾಟುವ ಮೊದಲೇ ನಾಲ್ವರು, ಮೆಟ್ಟಿಲು ಇಳಿಯುವ ಮೊದಲೇ ನೂರು ಮಂದಿ. ಮೊದಲ ಸಲ ಕಲಿಯಲು ಹಿಡಿದ ಹೊತ್ತು ಈ ಸಲ ಬೇಕಾಗಲಿಲ್ಲ. ಬೀದಿ ಬೀದಿಯಲ್ಲಿ ಅಂಗೈ ಇಟ್ಟರು, ಕದದ ಬಳಿ ಉಸುರಿದರು. ಒಂದು ಹಂಡೆಯೂ ಉಕ್ಕಲಿಲ್ಲ. ಕೊನೆಯ ಮನೆಯಲ್ಲಿ ದೊಡ್ಡ ತದ್ರೂಪ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂಡೆ ತಿರುವುತ್ತಿದ್ದವನು, ಕಿಟಕಿಯಲ್ಲಿ ಭರಮನ ಮುಖ ಕಂಡು ಸೌಟು ಕೈಬಿಟ್ಟ.

"ನೀನು ಮಣ್ಣಾದೆ ಅಂತ ಕೇಳಿದ್ದೆನಲ್ಲ."

"ಆಗಿದ್ದೆ," ಎಂದ ಭರಮ. "ಆದ್ರೆ ನಮ್ಮ ಮನೇಲಿ ಒಬ್ಬ ಕೂತಿದಾನೆ."

ಅವನು ಬಗ್ಗಿ ಆ ಒಂದು ಮಾತು ಉಸುರಿದ. ಮನೆ ಮಡಚಿಕೊಂಡಿತು. ತದ್ರೂಪನ ಸೀರೆಯೂ ಉಳಿಯಲಿಲ್ಲ, ಸೌಟೂ ಉಳಿಯಲಿಲ್ಲ.

ಅರಮನೆಯಲ್ಲಿ ಸುಖರಾಯ ಊಟಕ್ಕೆ ಕೂತಿದ್ದ. ಒಂದೇ ಒಂದು ಸಲ ಸೀನಿದ. ಮೂಗು ಒರೆಸಿಕೊಂಡು, ಇನ್ನೊಂದು ಸೌಟು ಸಾರು ಬಡಿಸಿ ಎಂದ.

ಭರಮ ಚಾವಡಿಗೆ ಹಿಂದಿರುಗಿದ. ಈ ಸಲ ಓಬಳ ಚಮಚ ಎತ್ತಲಿಲ್ಲ. ಸರಿದು ಕೂತು ಚಾಪೆಯ ಅರ್ಧ ಜಾಗ ಬಿಟ್ಟುಕೊಟ್ಟ. ಇಬ್ಬರೂ ಕೆಂಚನ ಮಾತು, ತಿಮ್ಮವ್ವನ ಮಾತು, ಮೆಟ್ಟಿಲ ಮೇಲಿನ ಮೂವರ ಮಾತು ಆಡಿದರು. ತಿಮ್ಮವ್ವ ನಕ್ಕಳು ಎಂದು ಓಬಳ ಹೇಳಿದ್ದನ್ನು ಭರಮ ನಂಬಲೇ ಇಲ್ಲ. ಬೆಲ್ಲ ತೀರುವವರೆಗೂ ಮಾತು ನಡೆಯಿತು. ಆಮೇಲೆ ಭರಮ ಓಬಳನ ಅಂಗೈ ಹಿಡಿದುಕೊಂಡ, ಅವನ ಉರಿ ಆರಿತು. ಗುಡಿಸುವ ತಾತ ಬುಟ್ಟಿ ತಂದ. ಓಬಳ ಅಳಲಿಲ್ಲ. ಭರಮ ಎಲ್ಲಿರುತ್ತಾನೆ ಎಂಬುದು ಅವನಿಗೆ ಈಗ ತಿಳಿದಿತ್ತು.

ಹೊಸ ಹುಡುಗರು ಬಂದು ಅವನ ಸುತ್ತ ಕೂತರು. ನಾವೂ ಕತ್ತಿ ಹಿಡಿಯುತ್ತೇವೆಯೇ, ನಮಗೂ ಚಾಪೆ ಸಿಗುತ್ತದೆಯೇ ಎಂದು ಕೇಳಿದರು. ಅದು ಎಲ್ಲಿ ನಿಂತಿರುತ್ತೀರಿ, ಹಲಗೆ ಹೇಗೆ ಕೇಳುತ್ತದೆ ಎಂಬುದರ ಮೇಲಿದೆ, ಎರಡರಲ್ಲಿ ಯಾವುದು ಬಂದರೂ ಮರ್ಯಾದೆಯಿಂದ ಮಾಡಿ ಎಂದ ಓಬಳ. ಆಮೇಲೆ, ಮೊದಲು ಹೋಗಿ ಕೈ ತೊಳೆದುಕೊಂಡು ಬನ್ನಿ ಎಂದು ಗದರಿದ.

ಆ ರಾಜ್ಯದಲ್ಲಿ ತಟ್ಟೆ ಬರಿದಾಗಲಿಲ್ಲ, ನಗಾರಿ ನಿಲ್ಲಲಿಲ್ಲ, ಜನ ಉಂಡುಟ್ಟು ಸುಖವಾಗಿದ್ದರು. ಓಬಳ ಈಗಲೂ ಚಾಪೆಯ ಮೇಲೆ ಕೂತಿದ್ದಾನೆ, ಎದೆಯಲ್ಲಿ ಸಣ್ಣ ದೀಪ, ಮಡಿಲಲ್ಲಿ ಬರಿಗೈ. ಅವನು ಎಚ್ಚರವಿದ್ದಾನೆ. ನಾವು ದೀಪ ಆರಿಸಿ ಮಲಗೋಣ.